ಹರಳಿಗೆ ಕಣ್ಣು ಕೊಟ್ಟ ಜಗದೀಶಚಂದ್ರ ಬೋಸ್

ಜೂನ್ ತಿಂಗಳು ಬಂದಿತೆಂದರೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ತಲೆಯೆಣಿಸುವ ಕಾಲ. ಈಚಿನ ವರ್ಷಗಳಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರತೊಡಗಿದೆ. ದೇಶದಲ್ಲಿ ಚಿಪ್ ತಯಾರಿಕೆಯ ಕಾರ್ಖಾನೆಗಳು ಬರುತ್ತಿವೆಯಂತೆ, ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸ ಸಾವಿರಗಟ್ಟಲೆ ಇದೆಯಂತೆ, ಕನ್ನಡದಲ್ಲಿ ವಿಜ್ಞಾನ ಓದಿದ ನಮ್ಮ ಮಕ್ಕಳು ಆ ಬಾಗಿಲವರೆಗೆ ಹೋದಾರೆಯೇ ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಅಪಹಾಸ್ಯವಿಲ್ಲ, ಆತಂಕವಿದೆ. ಆದುದರಿಂದ ಉಪದೇಶದ ಉತ್ತರ ಅವರಿಗೆ ಸಾಲದು. ಅರೆವಾಹಕ ಎಂಬ ವಸ್ತುವನ್ನು ಉಪಕರಣವನ್ನಾಗಿಸಿ ಅದಕ್ಕೆ ಪೇಟೆಂಟ್ ಪಡೆದವರಲ್ಲಿ ಮೊದಲಿಗರೆಂದು ಚರಿತ್ರೆಕಾರರು ಗುರುತಿಸುವ ವ್ಯಕ್ತಿ ನಮ್ಮ ದೇಶದವರೇ. ಅಕ್ಷರ ಕಲಿತದ್ದು ತಾಯ್ನುಡಿಯ ಹಳ್ಳಿ ಪಾಠಶಾಲೆಯಲ್ಲಿ. ಅವರ ಬದುಕನ್ನು ಇದ್ದಂತೆ ಮುಂದಿಡುವುದು ಲೇಸೆಂದು ನಮಗೆ ತೋರಿದೆ.

ಜಗದೀಶಚಂದ್ರ ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿದ ಮೈಮನ್‌ಸಿಂಗ್‌ನಲ್ಲಿ. ಮನೆತನದ ಮೂಲ ವಿಕ್ರಮಪುರದ ರಾಢೀಖಾಲ್ ಗ್ರಾಮ. ತಂದೆ ಭಗವಾನಚಂದ್ರರು ಬ್ರಹ್ಮಸಮಾಜದವರು, ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಮಗನ ಬಾಲ್ಯದಲ್ಲಿ ಅವರು ಫರೀದ್‌ಪುರದಲ್ಲಿದ್ದರು. ಅವರ ಕೈಕೆಳಗಿನ ನೌಕರರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದ ಕಾಲದಲ್ಲಿ ಸಾಹೇಬರು ತಮ್ಮ ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಮಗು ಮೊದಲು ತನ್ನ ನುಡಿಯನ್ನೂ ತನ್ನ ಜನರನ್ನೂ ಅರಿಯಲಿ, ಇಂಗ್ಲಿಷ್ ಆಮೇಲೆ ಬರಲಿ ಎಂಬುದು ಅವರ ನಿಲುವು. ಆ ಶಾಲೆಯ ಬೆಂಚಿನಲ್ಲಿ ಬಾಲಕನ ಬಲಕ್ಕೆ ತಂದೆಯ ಮುಸ್ಲಿಂ ಜವಾನನ ಮಗ, ಎಡಕ್ಕೆ ಮೀನುಗಾರನ ಮಗ. ನೀರಿನೊಳಗಿನ ಜೀವಿಗಳ, ಹಕ್ಕಿಗಳ, ಪ್ರಾಣಿಗಳ ಕಥೆಗಳನ್ನು ಅವರಿಂದ ಕೇಳಿದ್ದೇ ತಮ್ಮೊಳಗೆ ನಿಸರ್ಗದ ಕುತೂಹಲವನ್ನು ಬಿತ್ತಿತು ಎಂದು ಬೋಸರು ಮುಂದೆ ಹೇಳಿಕೊಂಡಿದ್ದಾರೆ. ಶಾಲೆ ಬಿಟ್ಟು ಗೆಳೆಯರೊಡನೆ ಮನೆಗೆ ಬಂದರೆ ತಾಯಿ ಬಾಮಾಸುಂದರಿ ಎಲ್ಲರಿಗೂ ಭೇದವೆಣಿಸದೆ ಬಡಿಸುತ್ತಿದ್ದರು. ಆಕೆ ಸಂಪ್ರದಾಯಸ್ಥೆಯೇ. ಆದರೆ ಮಕ್ಕಳ ಹಸಿವಿಗೆ ಜಾತಿ ಹಚ್ಚಲಿಲ್ಲ.

ಬಾಲಕನನ್ನು ಶಾಲೆಗೆ ಹೊತ್ತೊಯ್ಯುತ್ತಿದ್ದವನ ಕಥೆ ಇನ್ನೂ ಸ್ವಾರಸ್ಯಕರ. ಅವನು ಹಿಂದೊಮ್ಮೆ ಡಕಾಯಿತ. ಅವನನ್ನು ಸೆರೆಮನೆಗೆ ಕಳುಹಿಸಿದವರು ಭಗವಾನಚಂದ್ರರೇ. ಬಿಡುಗಡೆಯಾಗಿ ಬದುಕಲು ದಾರಿ ಕಾಣದೆ ಬಂದು ನಿಂತವನಿಗೆ ಅವರು ಮನೆಯಲ್ಲೇ ಕೆಲಸ ಕೊಟ್ಟು ಮಗನನ್ನು ಅವನ ಹೆಗಲಿಗೇರಿಸಿದರು. ದರೋಡೆಯ ಸಾಹಸಗಳನ್ನು ಕೇಳುತ್ತ ಆ ಹುಡುಗ ಪಾಠಶಾಲೆಗೆ ಹೋಗಿ ಬರುತ್ತಿದ್ದ.

ತಂದೆಯ ಬಗೆಗೆ ಇನ್ನಷ್ಟು ಹೇಳಬೇಕು. ಏಕೆಂದರೆ ಮಗನ ಬದುಕಿನ ಬಹು ಮುಖ್ಯವಾದೊಂದು ನಿರ್ಧಾರಕ್ಕೆ ಅಲ್ಲಿಯೇ ಬೇರು ಇದೆ ಎಂಬುದು ನಮ್ಮ ಊಹೆ. ಭಗವಾನಚಂದ್ರರು ಮಾತಿನ ದೇಶಭಕ್ತರಲ್ಲ. ಫರೀದ್‌ಪುರದಲ್ಲಿ ಕೃಷಿ-ಕೈಗಾರಿಕೆಗಳ ಮೇಳವನ್ನು ಆರಂಭಿಸಿದರು. ಬರ್ದ್ವಾನಿನಲ್ಲಿ ಜ್ವರದ ಪಿಡುಗಿನಿಂದ ತಬ್ಬಲಿಯಾದ ಮಕ್ಕಳಿಗಾಗಿ ಕೈಗೆಲಸದ ಕಾರ್ಯಾಗಾರಗಳನ್ನು ತೆರೆದರು. ಮರಗೆಲಸ, ಲೋಹದ ಕೆಲಸಗಳಿದ್ದ ಅಲ್ಲಿಯೇ ಬಾಲಕ ಜಗದೀಶನ ಕೈಗೂ ಉಪಕರಣ ಹಿಡಿಯುವ ರೂಢಿ ಬಂದಿತು. ಅಸ್ಸಾಮಿನಲ್ಲಿ ಚಹಾತೋಟಕ್ಕೂ ನೇಯ್ಗೆಯ ಉದ್ಯಮಕ್ಕೂ ಭಗವಾನಚಂದ್ರರು ಹಣ ಹೂಡಿದರು. ಹೆಚ್ಚಿನವು ನೆಲಕಚ್ಚಿದವು. ಸ್ವದೇಶಿ ಉದ್ಯಮದ ಕನಸು ಆ ಮನೆಗೆ ಉಳಿಸಿಹೋದದ್ದು ಸಾಲದ ಹೊರೆಯನ್ನು.

ಹನ್ನೊಂದರ ಪ್ರಾಯದಲ್ಲಿ ಜಗದೀಶ ಕಲ್ಕತ್ತೆಗೆ ಬಂದ. ಕೆಲಕಾಲ ಹೇರ್ ಶಾಲೆ, ಅನಂತರ ಸೇಂಟ್ ಝೇವಿಯರ್ಸ್. ಅಲ್ಲಿನ ಸಹಪಾಠಿಗಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮತ್ತು ಆಂಗ್ಲೋ-ಇಂಡಿಯನ್ ಮನೆಗಳ ಹುಡುಗರು. ಹಳ್ಳಿಯ ಪಾಠಶಾಲೆಯಿಂದ ಬಂದವನಿಗೆ ಇಂಗ್ಲಿಷ್ ತೊಡಕಾಯಿತು, ಪರಿಹಾಸ್ಯವೂ ತಪ್ಪಲಿಲ್ಲ, ಒಮ್ಮೆ ಮುಷ್ಟಿಯುದ್ಧವೇ ನಡೆಯಿತು. ಇದನ್ನು ನಾವು ಮರೆಮಾಚಬಾರದು. ತಾಯ್ನುಡಿಯ ಶಾಲೆಯಿಂದ ಹೊರಬಿದ್ದ ಮಗುವಿಗೆ ಮೊದಲ ಒಂದೆರಡು ವರ್ಷ ಕಷ್ಟವಿದೆ. ಅಂದೂ ಇತ್ತು, ಇಂದೂ ಇದೆ. ಜೊತೆಗೆ ಬೋಸರಿಗೆ ಮ್ಯಾಜಿಸ್ಟ್ರೇಟರ ಮನೆಯ ಆಸರೆಯಿತ್ತು. ಬೆಂಚಿನ ಎಡಬಲಗಳಲ್ಲಿದ್ದ ಆ ಇಬ್ಬರು ಹುಡುಗರಿಗೆ ಕಲ್ಕತ್ತೆಯ ದಾರಿ ಅಷ್ಟು ಸುಲಭವಾಗಿ ತೆರೆದಿರಲಿಲ್ಲ. ಪಾಠಶಾಲೆಯೊಂದೇ ಅವರನ್ನು ವಿಜ್ಞಾನಿಯನ್ನಾಗಿಸಿತೆಂದು ಹೇಳಿದರೆ ನಾವು ರಕ್ಷಕರಿಗೆ ಅರ್ಧಸತ್ಯ ಹೇಳಿದಂತಾದೀತು.

ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫೋನ್ ಎಂಬ ಅಪೂರ್ವ ಶಿಕ್ಷಕರಿದ್ದರು. ಭೌತಶಾಸ್ತ್ರವನ್ನು ಕರಿಹಲಗೆಯಲ್ಲಿ ಅಲ್ಲ, ಪ್ರಯೋಗದ ಮೇಜಿನ ಮೇಲೆ ಕಲಿಸುವವರು. ಬಿ.ಎ. ಮುಗಿಸಿದ ಬೋಸರು 1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ಹೊರಟರು. ಅಸ್ಸಾಮಿನಲ್ಲಿ ಅಂಟಿದ್ದ ಜ್ವರವು ಮತ್ತೆ ಮತ್ತೆ ಮರುಕಳಿಸಿ ಆ ಓದನ್ನು ಬಿಡಿಸಿತು. ಕೇಂಬ್ರಿಜ್‌ನ ಕ್ರೈಸ್ಟ್ ಕಾಲೇಜಿಗೆ ಸೇರಿ ಪ್ರಕೃತಿವಿಜ್ಞಾನ ಓದಿದರು. ಅಲ್ಲಿ ಲಾರ್ಡ್ ರ‍್ಯಾಲಿಯವರ ಶಿಷ್ಯತ್ವ ಲಭಿಸಿತು. ಕೇಂಬ್ರಿಜ್ ಮತ್ತು ಲಂಡನ್ ವಿಶ್ವವಿದ್ಯಾಲಯಗಳ ಪದವಿಗಳೊಡನೆ ತಾಯ್ನಾಡಿಗೆ ಮರಳಿ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಹಂಗಾಮಿ ಪ್ರಾಧ್ಯಾಪಕರಾದರು.

ಭಾರತೀಯನು ಸಂಸ್ಕೃತವನ್ನೋ ತತ್ವಶಾಸ್ತ್ರವನ್ನೋ ಕಲಿಸಿಯಾನು, ನಿಖರತೆ ಬೇಡುವ ವಿಜ್ಞಾನವನ್ನು ಅವನಿಂದ ಕಲಿಸಲಾಗದು ಎಂಬ ಭಾವನೆ ಅಂದಿನ ಶಿಕ್ಷಣ ಇಲಾಖೆಯಲ್ಲಿ ಆಳವಾಗಿತ್ತು. ಸಂಬಳದಲ್ಲೂ ಅದು ಕಾಣುತ್ತಿತ್ತು. ಯುರೋಪಿಯನ್ ಪ್ರಾಧ್ಯಾಪಕನ ಸಂಬಳದ ಮೂರನೆಯ ಎರಡು ಪಾಲು ಭಾರತೀಯನಿಗೆ. ಹಂಗಾಮಿಯಾದ್ದರಿಂದ ಬೋಸರಿಗೆ ಅದರಲ್ಲೂ ಅರ್ಧ. ಬೋಸರು ಕೆಲಸ ಬಿಡಲಿಲ್ಲ, ಜಗಳವನ್ನೂ ಆಡಲಿಲ್ಲ. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಮೂರು ವರ್ಷ ಒಂದು ಕಾಸನ್ನೂ ಪಡೆಯದೆ ತರಗತಿ ತಪ್ಪಿಸದೆ ಕಲಿಸಿದರು. ಮನೆಯಲ್ಲಿ ತಂದೆಯ ಸಾಲ ಬೆಳೆಯುತ್ತಿದ್ದ ಕಾಲವದು ಎಂಬುದನ್ನು ನೆನೆದರೆ ಆ ಹಠದ ತೂಕ ತಿಳಿಯುತ್ತದೆ. ನಡುವೆ 1887ರಲ್ಲಿ ಅವರನ್ನು ವರಿಸಿದ ಅಬಲಾ ದಾಸ್ ಮದರಾಸಿನಲ್ಲಿ ವೈದ್ಯಕೀಯ ಓದಿದ್ದವರು. ಕಲ್ಕತ್ತೆಯ ವೈದ್ಯಕೀಯ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದ ಕಾರಣ ಅಷ್ಟು ದೂರ ಹೋಗಿದ್ದರು. ಕೊನೆಗೆ ಸರ್ಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಂದಿಗೆ ಕೊಟ್ಟಿತು. ಆ ಮೊತ್ತ ತಂದೆಯ ಸಾಲಗಾರರಿಗೆ ಸಂದಿತು. ಹಂಗಾಮಿ ನೇಮಕಾತಿಯಲ್ಲಿ ವರ್ಷಗಟ್ಟಲೆ ಕಳೆದ ನಮ್ಮ ಗಡಿನಾಡಿನ ಶಿಕ್ಷಕಬಂಧುಗಳಿಗೆ ಈ ಪ್ರಸಂಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1894ರಲ್ಲಿ, ಮೂವತ್ತಾರನೆಯ ಹುಟ್ಟುಹಬ್ಬದಂದು, ಇನ್ನು ಮುಂದೆ ಸಂಶೋಧನೆಗೇ ತಮ್ಮನ್ನು ಒಪ್ಪಿಸಿಕೊಳ್ಳುವ ಸಂಕಲ್ಪ ಮಾಡಿದರು. ಕಾಲೇಜಿನಲ್ಲಿ ಪ್ರಯೋಗಾಲಯವೆಂಬುದು ಇರಲಿಲ್ಲ. ಒಂದು ಪುಟ್ಟ ಕೋಣೆಯೇ ಎಲ್ಲವೂ. ಉಪಕರಣ ತರಿಸಲು ಹಣವಿಲ್ಲ. ಬೋಸರು ಊರಿನ ಒಬ್ಬ ತಗಡಿನ ಕೆಲಸದವನನ್ನು ಹಿಡಿದು, ಅವನಿಗೆ ತಿದ್ದಿ ತೀಡಿ, ಬೇಕಾದುದನ್ನೆಲ್ಲ ಅಲ್ಲಿಯೇ ಮಾಡಿಸಿದರು. ಜರ್ಮನಿಯ ಹರ್ಟ್ಸ್ ವಿದ್ಯುತ್ಕಾಂತ ಅಲೆಗಳನ್ನು ತೋರಿಸಿಕೊಟ್ಟು ಕೆಲವೇ ವರ್ಷಗಳಾಗಿದ್ದವು. ಆ ಅಲೆಗಳು ಬಹಳ ಉದ್ದನೆಯವು. ಅವುಗಳ ಪ್ರಯೋಗಕ್ಕೆ ದೊಡ್ಡ ಅಂಕಣವೇ ಬೇಕು. ಬೋಸರು ಅಲೆಯ ಉದ್ದವನ್ನು 5 ಮಿಲಿಮೀಟರಿನವರೆಗೆ ತಗ್ಗಿಸಿದರು. ಇಷ್ಟು ಚಿಕ್ಕ ಅಲೆಯಾದರೆ ಇಡೀ ಉಪಕರಣವು ಒಂದು ಪೆಟ್ಟಿಗೆಯೊಳಗೆ ಹಿಡಿಯುತ್ತದೆ. ಕೋಣೆಯ ಬಡತನವೂ ಈ ಶೋಧಕ್ಕೆ ಒಂದಿಷ್ಟು ನೆರವಾಯಿತೇನೋ ಎಂದು ನಮಗೆ ಅನಿಸುವುದುಂಟು. ಅಲೆಯನ್ನು ಒಂದು ದಿಕ್ಕಿಗೆ ಸೋಸಲು ಅವರು ಬಳಸಿದ ವಸ್ತುಗಳನ್ನು ನೋಡಿ: ಹುರಿಮಾಡಿದ ಸೆಣಬು, ಹಾಳೆಗಳ ನಡುವೆ ತವರದ ತಗಡಿಟ್ಟ ರೈಲು ವೇಳಾಪಟ್ಟಿಯ ಪುಸ್ತಕ! ಇಂದಿನ 5ಜಿ ದೂರವಾಣಿಯ ವಿಷಯದಲ್ಲಿ ನಾವು ಕೇಳುವ ಮಿಲಿಮೀಟರ್ ಅಲೆಗಳೆಂದರೆ ಇದೇ ಜಾತಿಯವು.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ನಡೆದ ಪ್ರದರ್ಶನದಲ್ಲಿ ತಂತಿಯಿಲ್ಲದೆ ಸಾಗಿದ ಅಲೆಯು ಗೋಡೆಗಳನ್ನು ದಾಟಿ, ಮುಂದೆ ಕುಳಿತಿದ್ದ ಲೆಫ್ಟಿನೆಂಟ್ ಗವರ್ನರರ ಶರೀರವನ್ನೂ ಹಾದು, 75 ಅಡಿ ದೂರದ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದನ್ನು ಸಿಡಿಸಿತು. ಮಾರ್ಕೋನಿ ತಮ್ಮ ಮೊದಲ ಪೇಟೆಂಟಿಗೆ ಅರ್ಜಿ ಹಾಕಿದ್ದು ಅದರ ಮರುವರ್ಷ. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಬೋಸರಿಗೆ ಡಿ.ಎಸ್ಸಿ. ನೀಡಿತು. 1897ರ ಜನವರಿಯಲ್ಲಿ ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸ ನೀಡಿದರು. ಲಾರ್ಡ್ ಕೆಲ್ವಿನ್ನರಂಥವರು ಇವರಿಗೊಂದು ಸರಿಯಾದ ಪ್ರಯೋಗಾಲಯ ಕೊಡಬೇಕೆಂದು ಭಾರತ ಸರ್ಕಾರಕ್ಕೆ ಶಿಫಾರಸು ಮಾಡಿದರು. ಕಡತ ನಿಧಾನವಾಗಿ ಚಲಿಸಿತು. ಆ ಪ್ರಯೋಗಾಲಯ ಸಿದ್ಧವಾಗುವಷ್ಟರಲ್ಲಿ ಬೋಸರ ನಿವೃತ್ತಿ ಹತ್ತಿರ ಬಂದಿತ್ತು.

ಇನ್ನು ಹರಳಿನ ಮಾತು. ಗಾಳಿಯಲ್ಲಿ ಹಾದುಹೋಗುವ ಅಲೆಯನ್ನು ಹಿಡಿಯಲು ಅಂದು ಬಳಸುತ್ತಿದ್ದುದು ಲೋಹದ ಪುಡಿ ತುಂಬಿದ ಗಾಜಿನ ನಳಿಕೆ. ಒಮ್ಮೆ ಅಲೆ ಬಡಿದರೆ ಪುಡಿ ಅಂಟಿಕೊಳ್ಳುತ್ತಿತ್ತು; ತಟ್ಟಿ ಬಿಡಿಸದ ಹೊರತು ಮುಂದಿನ ಅಲೆಗೆ ಅದು ಕಿವುಡು. ಬಂಗಾಳದ ತೇವದ ಹವೆಯಲ್ಲಂತೂ ಅದನ್ನು ನೆಚ್ಚುವಂತಿರಲಿಲ್ಲ. ಬೋಸರು ಒಂದೊಂದೇ ವಸ್ತುವನ್ನು ಪರೀಕ್ಷಿಸುತ್ತ ಬಂದು ಗೆಲೀನಾ ಎಂಬ ಹರಳನ್ನು ತಲುಪಿದರು. ಇದು ಸೀಸದ ಅದಿರು, ಸೀಸ ಮತ್ತು ಗಂಧಕ ಕೂಡಿದ ಹೊಳಪಿನ ಕಲ್ಲು. ಇಂತಹ ಕೆಲವು ಹರಳುಗಳಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಸಲೀಸಾಗಿಯೂ ಇನ್ನೊಂದು ದಿಕ್ಕಿಗೆ ಪ್ರಯಾಸದಿಂದಲೂ ಹರಿಯುತ್ತದೆಂದು ಜರ್ಮನಿಯ ಬ್ರೌನ್ 1874ರಲ್ಲೇ ಕಂಡಿದ್ದರು. ಅದನ್ನು ಅಲೆ ಹಿಡಿಯುವ ಕೆಲಸಕ್ಕೆ ಹೂಡಿದವರು ಬೋಸರು. ಹರಳಿನ ಮೇಲೆ ಚೂಪಾದ ಮೊನೆಯೊಂದನ್ನು ಹದವಾಗಿ ಒತ್ತಿದರೆ ಆ ಒಂದು ಬಿಂದುವಿನಲ್ಲಿ ಸಾಮಾನ್ಯ ತಂತಿಗೆ ಒಪ್ಪುವ ಓಮನ ನಿಯಮ ನಡೆಯದು. ಬಂದ ಅಲೆಗೆ ಅನುಸಾರವಾಗಿ ವಿದ್ಯುತ್ತು ಏರಿಳಿಯುತ್ತದೆ, ತಟ್ಟುವ ಗೋಜಿಲ್ಲದೆ ತಾನೇ ಹಿಂದಿನ ಸ್ಥಿತಿಗೆ ಬರುತ್ತದೆ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಓಮನ ನಿಯಮದ ಗೆರೆಯನ್ನು ನೇರವಾಗಿ ಎಳೆಯುತ್ತಾರಲ್ಲ, ಅರೆವಾಹಕದ ಕಥೆಯೆಲ್ಲ ಆ ಗೆರೆ ಬಾಗುವ ಕಡೆಯಲ್ಲಿ ಶುರುವಾಗುತ್ತದೆ.

ಆ ಉಪಕರಣವು ರೇಡಿಯೋ ಅಲೆಗೆ ಮಾತ್ರವಲ್ಲ, ಬೆಳಕಿಗೂ ಮಿಡಿಯುತ್ತಿತ್ತು. ಕಣ್ಣಿನ ಗೊಂಬೆಯಂತೆ ಮುಂದೆ ಮಸೂರ, ಒಳಗೆ ಹರಳು. ಅದೊಂದು ಕೃತಕ ಕಣ್ಣು, ಮನುಷ್ಯರ ಕಣ್ಣಿಗೆ ಕಾಣದುದನ್ನೂ ಕಾಣುವಂಥದು. ತೇಜ ಎಂಬ ನಮ್ಮ ಪದವನ್ನು ಕೂಡಿಸಿ ಅದಕ್ಕೆ ತೇಜೋಮೀಟರ್ ಎಂದು ಅವರು ಹೆಸರಿಟ್ಟರು.

1901ರಲ್ಲಿ ಬೋಸರು ಲಂಡನ್ನಿನಲ್ಲಿದ್ದಾಗ ಪ್ರಸಿದ್ಧ ತಂತಿ ಕಂಪನಿಯೊಂದರ ಮಾಲೀಕರು ಪೇಟೆಂಟಿನ ಕಾಗದಗಳನ್ನೇ ಹಿಡಿದು ಬಂದರು. ಉಪನ್ಯಾಸದಲ್ಲಿ ಎಲ್ಲವನ್ನೂ ಬಹಿರಂಗಪಡಿಸಬೇಡಿ, ಲಾಭದಲ್ಲಿ ಅರ್ಧ ನಿಮಗೆ ಎಂಬುದು ಅವರ ಕೋರಿಕೆ. ಬೋಸರು ಒಪ್ಪಲಿಲ್ಲ. ಹಣದ ಆ ಸೆಳೆತಕ್ಕೆ ಒಮ್ಮೆ ಸಿಕ್ಕಿಬಿದ್ದರೆ ಬಿಡುಗಡೆಯಿಲ್ಲವೆಂಬ ತಮ್ಮ ಅಂಜಿಕೆಯನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ತೋಡಿಕೊಂಡರು. ಆದರೆ ಹಿತೈಷಿಗಳು ಸುಮ್ಮನಿರಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯದಿಂದ ಅದೇ ವರ್ಷದ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಅರ್ಜಿ ದಾಖಲಾಯಿತು. 1904ರ ಮಾರ್ಚ್ 29ರಂದು 7,55,840ನೆಯ ಸಂಖ್ಯೆಯ ಪೇಟೆಂಟ್ ಮಂಜೂರಾಯಿತು. ಅದರ ಅರ್ಧ ಹಕ್ಕು ಸಾರಾ ಬುಲ್ಲರ ಹೆಸರಿನಲ್ಲಿ. ಬೋಸರು ಅದರಿಂದ ಹಣ ಗಳಿಸಲು ಹೋಗಲೇ ಇಲ್ಲ. 1906ರಲ್ಲಿ ಅಮೆರಿಕದ ಪಿಕಾರ್ಡ್ ಸಿಲಿಕಾನ್ ಹರಳಿನ ಉಪಕರಣಕ್ಕೆ ಪೇಟೆಂಟ್ ಪಡೆದರು. ಮುಂದಿನ ದಶಕಗಳಲ್ಲಿ ಅಮೆರಿಕ, ಯುರೋಪುಗಳ ಮನೆಮನೆಗಳಲ್ಲಿ ಹಾಡಿದ ಹರಳು ರೇಡಿಯೋಗಳಲ್ಲಿ ಹಲವು ಗೆಲೀನಾದವೇ ಆಗಿದ್ದವು.

ಇಲ್ಲಿ ನಮಗೆ ಒಂದು ಭಿನ್ನಾಭಿಪ್ರಾಯವಿದೆ. ಬೋಸರ ಈ ತ್ಯಾಗವನ್ನು ಪಠ್ಯಪುಸ್ತಕಗಳೂ ಭಾಷಣಗಳೂ ಕೊಂಡಾಡುತ್ತ ಬಂದಿವೆ. ತಂದೆಯ ಉದ್ಯಮಗಳು ಮುಳುಗಿ ಮನೆ ಬಿದ್ದುದನ್ನು ಕಣ್ಣಾರೆ ಕಂಡ, ವರ್ಷಗಟ್ಟಲೆ ಆ ಸಾಲ ತೀರಿಸಿದ ಮಗ ವ್ಯಾಪಾರಕ್ಕೆ ಅಂಜಿದ್ದರೆ ಅದು ಸಹಜವೇ. ತಂದೆಯ ಆ ಸೋಲನ್ನು ಅವರು ದೊಡ್ಡ ಸೋಲೆಂದು ಗೌರವಿಸಿದರು. ಆದರೆ ತ್ಯಾಗದ ಹೊಗಳಿಕೆಯಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಕಲ್ಕತ್ತೆಯಲ್ಲಿ ಬುದ್ಧಿಯಿತ್ತು, ಕೈಯಿತ್ತು, ಹರಳೂ ಇತ್ತು. ಅದನ್ನು ನೂರಾಗಿ ಸಾವಿರವಾಗಿ ಮಾಡುವ ಕಾರ್ಖಾನೆಯಿರಲಿಲ್ಲ. ಕೊಳ್ಳುವ ನೌಕಾಪಡೆಯಾಗಲಿ ತಂತಿ ಇಲಾಖೆಯಾಗಲಿ ಭಾರತೀಯರ ಕೈಯಲ್ಲಿರಲಿಲ್ಲ. ಸಾಲ ಕೊಡುವ ಬ್ಯಾಂಕಿರಲಿಲ್ಲ. ಆ ತಗಡಿನ ಕೆಲಸದವನಂಥವರನ್ನು ಐವತ್ತು ಜನ ತಯಾರು ಮಾಡುವ ಶಾಲೆಯಿರಲಿಲ್ಲ. ಬೋಸರು ಪೇಟೆಂಟಿಗೆ ಹತ್ತು ಸಲ ಸಹಿ ಹಾಕಿದ್ದರೂ ಲಾಭ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗುತ್ತಿತ್ತೇ ಹೊರತು ಕಲ್ಕತ್ತೆಯಲ್ಲಿ ಕಾರ್ಖಾನೆ ಏಳುತ್ತಿರಲಿಲ್ಲ. ಕೊರತೆಯಾದದ್ದು ಮಗುವಿನ ಭಾಷೆಯಲ್ಲ.

ಸ್ವತಂತ್ರ ಭಾರತದಲ್ಲಿಯೂ ಈ ಕೊರತೆ ಬೇಗ ತುಂಬಲಿಲ್ಲ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ 1984ರಲ್ಲಿ ಉತ್ಪಾದನೆ ಆರಂಭಿಸಿತು, 1989ರ ಬೆಂಕಿಯಲ್ಲಿ ಸುಟ್ಟುಹೋಯಿತು. ಮರಳಿ ಎದ್ದರೂ ಕಳೆದ ವರ್ಷಗಳು ಕೈಗೆ ಬರಲಿಲ್ಲ. ವಿನ್ಯಾಸದ ಕಥೆ ಬೇರೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಅಲ್ಲಿ ಚಿಪ್ಪಿನ ನಕ್ಷೆ ಬರೆಯುವವರ ಪಡೆಯೇ ಬೆಳೆಯಿತು. ನಕ್ಷೆ ಇಲ್ಲಿ, ಅಚ್ಚು ಪರದೇಶದಲ್ಲಿ, ಹೆಸರು ಇನ್ನಾರದೋ. ಕೇಂದ್ರ ಸರ್ಕಾರ 2021ರ ಕೊನೆಯಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆ ಘೋಷಿಸಿದ ಮೇಲೆ ಗುಜರಾತಿನ ಸಾನಂದ್ ಮತ್ತು ಧೊಲೇರಾ, ಅಸ್ಸಾಮಿನ ಜಾಗೀರೋಡ್‌ಗಳಿಗೆ ಘಟಕಗಳು ಮಂಜೂರಾದವು. ಇವುಗಳಲ್ಲಿ ಹರಳಿನ ಬಿಲ್ಲೆಯ ಮೇಲೆ ಚಿಪ್ಪನ್ನೇ ಮೂಡಿಸುವ ಘಟಕ ಧೊಲೇರಾದ್ದು. ಜಾಗೀರೋಡಿನದು ಮೂಡಿದ ಚಿಪ್ಪನ್ನು ಜೋಡಿಸಿ, ಪರೀಕ್ಷಿಸಿ, ಕವಚ ತೊಡಿಸುವಂಥದು. ರಕ್ಷಕರು ಪತ್ರಿಕೆ ಓದುವಾಗ ಈ ಎರಡನ್ನೂ ಒಂದೇ ಎಂದು ತಿಳಿಯದಿರುವುದು ಒಳ್ಳೆಯದು. ಚಿಪ್ಪು ಮೂಡಿಸುವ ಕಾರ್ಖಾನೆಗೆ ಕ್ಷಣವೂ ನಿಲ್ಲದ ವಿದ್ಯುತ್ತು, ಅಪಾರವಾದ ಪರಿಶುದ್ಧ ನೀರು, ಧೂಳಿಲ್ಲದ ಗಾಳಿ ಬೇಕು. ಎಂಜಿನಿಯರರಷ್ಟೇ ಅಲ್ಲ, ಡಿಪ್ಲೊಮಾ ಓದಿದ ಕೈಗಳೂ ಬೇಕು. ಬೋಸರ ಕಾಲದ ತಗಡಿನ ಕೆಲಸದವನ ಜಾಗದಲ್ಲಿ ಇಂದು ಅವರಿದ್ದಾರೆ.

ಹರಳನ್ನು ಬಿಟ್ಟ ಬೋಸರು ಜೀವಲೋಕಕ್ಕೆ ನಡೆದರು. ಅಲೆ ಬಡಿದು ಬಡಿದು ಹರಳೂ ಲೋಹವೂ ದಣಿಯುವುದನ್ನು, ವಿಶ್ರಾಂತಿ ಕೊಟ್ಟರೆ ಚೇತರಿಸುವುದನ್ನು ಕಂಡಾಗ ಸ್ನಾಯುವಿನ ದಣಿವು ನೆನಪಾಗಿ, ಜೀವ ಮತ್ತು ಜಡಗಳ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. 1902ರಲ್ಲಿ ಈ ಬಗ್ಗೆ ಗ್ರಂಥ ಬರೆದರು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞರು ಮುನಿದರು, ರಾಯಲ್ ಸೊಸೈಟಿಯಲ್ಲಿ ಅವರ ಪ್ರಬಂಧಕ್ಕೆ ತಡೆ ಬಿದ್ದಿತು. ಅವರು ತೊಟ್ಟಿಲುಗಿಡವನ್ನೂ ನಾಚಿಕೆಮುಳ್ಳನ್ನೂ ಮೇಜಿನ ಮೇಲಿಟ್ಟುಕೊಂಡು ವರ್ಷಗಟ್ಟಲೆ ಅಳೆದರು. ಸಸ್ಯದ ಬೆಳವಣಿಗೆಯನ್ನು ಕೋಟಿ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ಕಲ್ಕತ್ತೆಯ ಕಾರ್ಯಾಗಾರದಲ್ಲೇ ನಿರ್ಮಿಸಿದರು. ಅವರ ಸಸ್ಯವಿಜ್ಞಾನದ ಎಲ್ಲ ತೀರ್ಮಾನಗಳನ್ನೂ ಮುಂದಿನವರು ಒಪ್ಪಿಲ್ಲ. ಅಳತೆಯ ಸೂಕ್ಷ್ಮತೆಯನ್ನು ಮಾತ್ರ ಅಲ್ಲಗಳೆಯುವವರಿಲ್ಲ. 1917ರಲ್ಲಿ ಸರ್ ಪದವಿ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದವು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರಂಥವರು ಪ್ರೆಸಿಡೆನ್ಸಿಯಲ್ಲಿ ಇವರ ಶಿಷ್ಯರಾಗಿದ್ದರು.

ಭಾಷೆಯ ವಿಷಯದಲ್ಲಿ ಬೋಸರ ಒಂದು ಸೋಲು ನಮಗೆ ಬಹಳ ಆಪ್ತವಾದುದು. ತಮ್ಮ ಯಂತ್ರಗಳಿಗೆ ಅವರು ಮೊದಲು ಸಂಸ್ಕೃತದ ಹೆಸರುಗಳನ್ನೇ ಇಡಲೆತ್ನಿಸಿದರು. ಬೆಳವಣಿಗೆಯನ್ನು ಅಳೆಯುವ ಯಂತ್ರಕ್ಕೆ ವೃದ್ಧಿಮಾನ ಎಂಬ ಹೆಸರು ಅವರ ಮನಸ್ಸಿನಲ್ಲಿತ್ತು. ವಿದೇಶೀಯರ ನಾಲಿಗೆಯಲ್ಲಿ ಅಂಥ ಹೆಸರುಗಳು ಗುರುತು ಸಿಗದಷ್ಟು ತಿರುಚಿಕೊಂಡವು. ನಗುತ್ತಲೇ ಕೈಬಿಟ್ಟು ಕ್ರೆಸ್ಕೋಗ್ರಾಫ್ ಎಂದರು. ಆದರೆ ಬಂಗಾಳಿಯಲ್ಲಿ ಬರೆಯುವುದನ್ನು ಬಿಡಲಿಲ್ಲ. 1896ರಲ್ಲೇ ಒಂದು ವಿಜ್ಞಾನಕಥೆ ಬರೆದಿದ್ದರು. ತಲೆಗೆ ಹಚ್ಚುವ ಎಣ್ಣೆಯ ಒಂದು ಸೀಸೆಯನ್ನು ಕಡಲಿಗೆ ಚೆಲ್ಲಿ ಚಂಡಮಾರುತವನ್ನು ಅಡಗಿಸುವ ತಮಾಷೆಯ ಕಥೆಯದು. ತಲೆಗೆಣ್ಣೆಯ ವ್ಯಾಪಾರಿಯೊಬ್ಬರು ಏರ್ಪಡಿಸಿದ ಸ್ಪರ್ಧೆಯಲ್ಲಿ ಅದು ಬಹುಮಾನ ಗಳಿಸಿತು. ಮಕ್ಕಳಿಗಾಗಿಯೂ ಜನಸಾಮಾನ್ಯರಿಗಾಗಿಯೂ ಬರೆದ ಬಂಗಾಳಿ ಲೇಖನಗಳು 1921ರಲ್ಲಿ ‘ಅವ್ಯಕ್ತ’ ಎಂಬ ಹೆಸರಿನಲ್ಲಿ ಪ್ರಕಟವಾದವು. ಬಂಗೀಯ ಸಾಹಿತ್ಯ ಪರಿಷತ್ತಿನ ಅಧ್ಯಕ್ಷ ಪೀಠದಲ್ಲಿಯೂ ಈ ಭೌತವಿಜ್ಞಾನಿ ಕುಳಿತಿದ್ದರು.

1915ರಲ್ಲಿ ನಿವೃತ್ತರಾದ ಅವರು 1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಬಸು ವಿಜ್ಞಾನ ಮಂದಿರವನ್ನು ತೆರೆದರು. ಅಲ್ಲಿನ ಶೋಧಗಳಿಗೆ ಪೇಟೆಂಟ್ ಪಡೆಯಬಾರದು, ಅವು ಎಲ್ಲರ ಸ್ವತ್ತು ಎಂಬ ಕಟ್ಟಳೆಯನ್ನು ಅಂದೇ ಸಾರಿದರು. ಅಬಲಾ ಬೋಸ್ 1919ರಲ್ಲಿ ನಾರೀ ಶಿಕ್ಷಾ ಸಮಿತಿಯನ್ನು ಕಟ್ಟಿ ಬಂಗಾಳದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯುವ ಕೆಲಸಕ್ಕೆ ಇಳಿದರು.

1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ, ಈಗ ಝಾರ್ಖಂಡಿಗೆ ಸೇರಿದ ಗಿರಿಡೀಹ್‌ನಲ್ಲಿ ಬೋಸರು ತೀರಿಕೊಂಡರು. ಅದಾಗಿ ಹತ್ತು ವರ್ಷಗಳಿಗೆ, 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬಿಬ್ಬರು ಜರ್ಮೇನಿಯಮ್ ಹರಳಿನ ಮೇಲೆ ಎರಡು ಸೂಕ್ಷ್ಮ ಮೊನೆಗಳನ್ನು ಒತ್ತಿ ಮೊದಲ ಟ್ರಾನ್ಸಿಸ್ಟರನ್ನು ಮಾಡಿದರು. ಅದೇ ಬ್ರಾಟನ್ 1955ರಲ್ಲಿ ಸಹೋದ್ಯೋಗಿ ಪಿಯರ್ಸನ್ನರ ಜೊತೆ ಅರೆವಾಹಕ ಸಂಶೋಧನೆಯ ಚರಿತ್ರೆ ಬರೆಯಲು ಕುಳಿತಾಗ, ಅರೆವಾಹಕ ಹರಳಿನಿಂದ ರೇಡಿಯೋ ಅಲೆಯನ್ನು ಹಿಡಿದ ಮೊದಲಿಗರೆಂದು ಕಲ್ಕತ್ತೆಯ ಈ ಮೇಷ್ಟರ ಹೆಸರನ್ನು ಬರೆದರು.